ಪೊಟ್ಯಾಷಿಯಂ ಪರೀಕ್ಷೆಗೆ ರಕ್ತ ಕೊಡುವಾಗ ಮುಷ್ಟಿ ಹಿಸುಕಬೇಡಿ
ಪೊಟ್ಯಾಷಿಯಂ ಪರೀಕ್ಷೆಗೆ ರಕ್ತ ಕೊಡುವಾಗ ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡಬೇಡಿ. ಒಮ್ಮೆ ಹಗುರವಾಗಿ ಮಡಚಿ, ಟ್ಯೂಬಿಗೆ ರಕ್ತ ಬರತೊಡಗಿದ ಕೂಡಲೇ ಬೆರಳು ಸಡಿಲಿಸಿ. ತೋಳಿಗೆ ಪಟ್ಟಿ ಕಟ್ಟಿದಾಗ ಮುಷ್ಟಿ ಹಿಸುಕಿದರೆ ಸ್ನಾಯುಗಳಿಂದ ಪೊಟ್ಯಾಷಿಯಂ ಹೊರಬಂದು ಅಲ್ಲೇ ನಿಂತ ರಕ್ತಕ್ಕೆ ಸೇರುತ್ತದೆ. ಸಾಮಾನ್ಯ ಮಟ್ಟ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ (mmol/L), ಇಷ್ಟರಿಂದಲೇ ಅದು 1ರಷ್ಟು ಏರಿ, ರಿಪೋರ್ಟ್ ನೋಡಿ ಮನೆಮಂದಿಯೆಲ್ಲ ಗಾಬರಿಯಾಗುವುದುಂಟು. ಪಟ್ಟಿ ಒಂದು ನಿಮಿಷ ದಾಟದಂತೆಯೂ ಕೇಳಿಕೊಳ್ಳಿ, ಸಂಕೋಚ ಬೇಡ. ಆದರೆ ಟ್ಯೂಬಿನಲ್ಲಿ ರಕ್ತಕಣಗಳೇ ಒಡೆದಿದ್ದರೆ ಇದರಿಂದ ಪ್ರಯೋಜನವಿಲ್ಲ: ಟ್ಯೂಬನ್ನು ವೇಗವಾಗಿ ಸುತ್ತಿಸುವ ಯಂತ್ರವಾದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೆ ತಿಳಿಹಳದಿ ಇರಬೇಕಾದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿದ್ರವ) ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಮತ್ತೆ ರಕ್ತ ಕೊಡಲೇಬೇಕು. ಕಿಡ್ನಿ ತೊಂದರೆ ಇರುವವರು ಮಾತ್ರ, ಹೆಚ್ಚು ಬಂದರೆ ಮುಷ್ಟಿಯಿಂದಲೇ ಅಂದುಕೊಂಡು ಸುಮ್ಮನಿರದೆ ಅದೇ ದಿನ ಡಾಕ್ಟರಿಗೆ ತೋರಿಸಿ.