ಚದರ ಅಡಿ ಬಿಟ್ಟು ವಾಹನ ಎಣಿಸಿದೆವು: ರಸ್ತೆ ಶುಲ್ಕ ನಿಗದಿಪಡಿಸಿದ ನನ್ನ ಅನುಭವ

ಕೊಡಗಿನ ಒಂದು ಸ್ಥಳೀಯ ಸಂಸ್ಥೆಗಾಗಿ ನಾನು ಸಿದ್ಧಪಡಿಸಿದ ಸಂಚಾರ ಪ್ರಭಾವ ಶುಲ್ಕದ ದರಪಟ್ಟಿ ಎರಡನೆಯ ವರ್ಷವೂ ಆಕ್ಷೇಪಣೆಗಳನ್ನು ತಾಳಿಕೊಂಡು ನಿಂತಿದೆ. ಇದು ಆಗುಹೋಗುವ ಮಾತಲ್ಲ ಎಂದಿದ್ದ ಸಹೋದ್ಯೋಗಿಗಳು ಈಗ ಲೆಕ್ಕದ ಹಾಳೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಹೊಸ ಕಟ್ಟಡದಿಂದ ಹೆಚ್ಚುವ ಸಂಚಾರಕ್ಕೆ ಬೇಕಾದ ರಸ್ತೆಯ ಖರ್ಚನ್ನು ಕಟ್ಟುವವರಿಂದಲೇ ಪಡೆಯಬೇಕೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಚದರ ಅಡಿಗೆ ಇಷ್ಟೆಂದು ಬರೆದು ಮುಗಿಸುವುದನ್ನು ಬಿಟ್ಟು ವಾಹನ ಎಣಿಸುತ್ತ ಕೂರುವುದೇಕೆ ಎಂಬುದೇ ಅವರ ಪ್ರಶ್ನೆಯಾಗಿತ್ತು.

ಚದರ ಅಡಿಯ ಕರಡು ನಾನು ಹೋಗುವ ಮೊದಲೇ ಸಿದ್ಧವಿತ್ತು. ಅದರ ಪ್ರಕಾರ, ಕೊಯ್ಲಿನ ಕಾಲದಲ್ಲಿಯೂ ದಿನಕ್ಕೆ ನಾಲ್ಕೈದು ಲಾರಿಗಿಂತ ಹೆಚ್ಚು ಬಾರದ ಕಾಫಿ ಗೋದಾಮು, ಶನಿವಾರ ಮಧ್ಯಾಹ್ನ ಇಡೀ ರಸ್ತೆಯನ್ನು ಕಟ್ಟಿಹಾಕುವ ರೆಸಾರ್ಟಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕಟ್ಟಬೇಕಾಗುತ್ತಿತ್ತು. ಈ ಒಂದು ಹೋಲಿಕೆಯನ್ನು ಸಭೆಯ ಮುಂದಿಟ್ಟ ಮೇಲೆಯೇ ಎಣಿಕೆಗೆ ಹಣ ಮಂಜೂರಾಯಿತು. ಅದೂ ಕೇಳಿದ್ದರಲ್ಲಿ ಅರ್ಧ.

ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆಯ ಟ್ರಿಪ್ ಜನರೇಷನ್ ಕೈಪಿಡಿಯನ್ನು ಹಾಗೆಯೇ ಬಳಸಿಕೊಳ್ಳಿ ಎಂದವರೂ ಇದ್ದರು. ಅಲ್ಲಿ ಒಂಟಿ ಮನೆಯೊಂದಕ್ಕೆ ದಿನಕ್ಕೆ 9ರಿಂದ 10 ಟ್ರಿಪ್ (ವಾಹನ ಒಮ್ಮೆ ಬಂದರೆ ಒಂದು, ಹೋದರೆ ಇನ್ನೊಂದು), ಕೆಲಸದ ದಿನದ ಸಂಜೆಯ ಪೀಕ್, ಅಂದರೆ ಅತಿ ದಟ್ಟಣೆಯ, ಗಂಟೆಯಲ್ಲಿ ಸುಮಾರು 1 ಎಂಬ ಲೆಕ್ಕವಿದೆ. ನಮ್ಮ ರೆಸಾರ್ಟ್ ರಸ್ತೆಯಲ್ಲಿ ಕೆಲಸದ ದಿನದ ಸಂಜೆ ಎಣಿಸಿದರೆ ಸಿಗುವುದು ತೋಟದ ಕೆಲಸದವರನ್ನು ಬಿಟ್ಟುಬರುವ ಜೀಪುಗಳು ಮಾತ್ರ. ಇಲ್ಲಿಯ ಪೀಕ್ ಎಂದರೆ ಬೆಂಗಳೂರು, ಮೈಸೂರಿನ ಕಾರುಗಳು ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಕುಶಾಲನಗರ ದಾಟಿ ಮೇಲೇರುವ ಶನಿವಾರದ ಹೊತ್ತು, ಮತ್ತು ಭಾನುವಾರ ಚೆಕ್ ಔಟ್ ಆದ ಮೇಲಿನ ಒಂದೆರಡು ಗಂಟೆ.

ಎಣಿಕೆಯಲ್ಲಿ ಸೋತದ್ದೇ ಹೆಚ್ಚು. ರಸ್ತೆಗೆ ಅಡ್ಡ ಹಾಸಿ ವಾಹನ ಎಣಿಸಲು ಬಾಡಿಗೆಗೆ ತಂದ ರಬ್ಬರ್ ಕೊಳವೆಯ ಕೌಂಟರ್ ಇಳಿಜಾರಿನಲ್ಲಿ ಬ್ರೇಕ್ ಹಾಕುವ ಚಕ್ರಗಳಿಗೆ ಸಿಕ್ಕಿ ಮೊಳೆ ಸಮೇತ ಕಿತ್ತುಬಂತು. ಮತ್ತೆ ಹೊಡೆದರೆ ಮಳೆನೀರು ಒಳಹೊಕ್ಕು ಒಂದು ಕಾರನ್ನು ಮೂರೆಂದು ತೋರಿಸಿತು. ಕ್ಯಾಮೆರಾಕ್ಕೆ ಮಂಜು ಅಡ್ಡಬಂತು. ಬರೆ ಕುಸಿದು ಬದಲಿ ರಸ್ತೆಯಲ್ಲಿ ವಾಹನ ಬಿಟ್ಟಿದ್ದರಿಂದ ಒಂದು ವಾರಾಂತ್ಯದ ಅಂಕಿಗಳನ್ನು ಪೂರ್ತಿ ಬಿಸಾಡಬೇಕಾಯಿತು. ಮಡಿಕೇರಿ ದಸರಾ ಅಂಕಿಗಳನ್ನು ಸೇರಿಸಿದರೆ ಶುಲ್ಕ ಹೆಚ್ಚುತ್ತದೆಂಬ ಒತ್ತಾಯಕ್ಕೆ ನಾನು ಒಪ್ಪಲಿಲ್ಲ, ಏಕೆಂದರೆ ದಶಮಂಟಪಗಳ ರಾತ್ರಿಗೆ ತಕ್ಕ ರಸ್ತೆಯನ್ನು ಯಾರೂ ಕಟ್ಟುವುದಿಲ್ಲ. ಕೊನೆಗೆ ಕಾಲೇಜು ಹುಡುಗರನ್ನು ಕೊಡೆ ಮತ್ತು ಟ್ಯಾಲಿ ಹಾಳೆಯೊಂದಿಗೆ ಗೇಟುಗಳ ಮುಂದೆ ಕೂರಿಸಿದೆವು. ಕೂಲಿ, ಊಟ, ಜೀಪಿನ ಬಾಡಿಗೆ ಸೇರಿ ಎರಡು ಲಕ್ಷದೊಳಗೆ ಮುಗಿಯಿತು. ವಾಹನಗಳನ್ನು ಕೋಣೆಯ ಲೆಕ್ಕಕ್ಕೆ ತರಬೇಕಾದರೆ ಆ ದಿನ ಎಷ್ಟು ಕೋಣೆ ತುಂಬಿತ್ತೆಂಬುದು ಬೇಕು, ಅದನ್ನು ಮಾಲೀಕರು ಸರಿಯಾಗಿ ಹೇಳುವುದಿಲ್ಲ. ಅದನ್ನು ಬೇರೆ ದಾರಿಯಿಂದ ತಿಳಿಯುವ ಉಪಾಯ ನನ್ನಲ್ಲಿದೆ, ಸದ್ಯಕ್ಕೆ ಅದು ನನ್ನಲ್ಲಿಯೇ ಇರಲಿ.

ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತರುವ ಅಳತೆ ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್); ಅದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 106ರ ಗುಣಕಗಳನ್ನೇ ಹಾಕಿದೆ: ಕಾರಿಗೆ 1, ಬಸ್ಸು ಲಾರಿಗಳಿಗೆ ಒಟ್ಟು ಸಂಚಾರದಲ್ಲಿ ಅವುಗಳ ಪಾಲು ನೋಡಿ 2.2ರಿಂದ 3.7. ಹಾದುಹೋಗುವಾಗ ಊಟಕ್ಕೆಂದು ಒಳಹೊಕ್ಕವರನ್ನು ಕಳೆದ ಮೇಲೆ ಪೀಕ್ ಗಂಟೆಯಲ್ಲಿ ಕೋಣೆಗೆ 0.4 ಪಿಸಿಯು ಆಸುಪಾಸು ಬಂತು. ತಿರುವು ಅಗಲೀಕರಣ, ತಡೆಗೋಡೆ, ಜಂಕ್ಷನ್ ಸೇರಿ ಎಸ್ಟಿಮೇಟ್ 1.8 ಕೋಟಿ, ಹೆಚ್ಚುವ ಸಾಮರ್ಥ್ಯ ಗಂಟೆಗೆ 600 ಪಿಸಿಯು, ಅಂದರೆ ಒಂದು ಪಿಸಿಯುಗೆ 30,000 ರೂಪಾಯಿ. ನಲವತ್ತು ಕೋಣೆಯ ರೆಸಾರ್ಟಿಗೆ 16 ಪಿಸಿಯು, 4.8 ಲಕ್ಷ. ಆದರೆ ಆ 600ರಲ್ಲಿ 200 ಈಗಾಗಲೇ ಇರುವ ದಟ್ಟಣೆಗೇ ಬೇಕಾಗಿತ್ತು. ಆ 60 ಲಕ್ಷವನ್ನು ಸಂಸ್ಥೆಯೇ ಭರಿಸಬೇಕು, ಹಳೆಯ ಬಾಕಿಯನ್ನು ಹೊಸಬರ ತಲೆಗೆ ಕಟ್ಟಬಾರದು ಎಂದು ನಾನು ಪಟ್ಟುಹಿಡಿದೆ. ಸಭೆಯಲ್ಲಿ ಅತಿ ಹೆಚ್ಚು ಗದ್ದಲವಾದದ್ದು ಇದಕ್ಕೇ. ಕೊನೆಗೆ ದರಪಟ್ಟಿಯನ್ನು ಉಳಿಸಿದ್ದೂ ಇದೇ.

ರೆಸಾರ್ಟಿನವರ ವಕೀಲರು, ಇದು ಶುಲ್ಕದ ವೇಷದ ತೆರಿಗೆ ಎಂದು ವಾದಿಸಿದರು. ಶುಲ್ಕವೆಂದರೆ ಕೊಡುವ ಸೇವೆಗೆ ಪ್ರತಿಯಾಗಿ ಪಡೆಯುವುದು, ತೆರಿಗೆಗೆ ಅಂಥ ನೇರ ಪ್ರತಿಫಲವಿಲ್ಲ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು 1954ರಲ್ಲಿ ನಮ್ಮ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿಯೇ ವಿವರಿಸಿದೆ. ಅಮೆರಿಕದ ಟೈಗಾರ್ಡ್ ನಗರದ ಹಾರ್ಡ್‌ವೇರ್ ಅಂಗಡಿಯೊಂದರಿಂದ ದಿನಕ್ಕೆ ಸುಮಾರು 435 ಟ್ರಿಪ್ ಹೆಚ್ಚುತ್ತದೆಂದು ನಗರಾಡಳಿತ ಲೆಕ್ಕ ಕೊಟ್ಟಿದ್ದರೂ, ಸೈಕಲ್ ದಾರಿಗೆ ಜಾಗ ಕೇಳಿದ್ದಕ್ಕೆ ತಕ್ಕ ಪ್ರಮಾಣವನ್ನು ತೋರಿಸಲಿಲ್ಲವೆಂದು 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತ್ತು; ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಒಂದು ಮನೆಗೆ ವಿಧಿಸಿದ 23,420 ಡಾಲರ್ ಸಂಚಾರ ಶುಲ್ಕದ ಪ್ರಕರಣದಲ್ಲಿ, ಶಾಸನದ ದರಪಟ್ಟಿಯೆಂಬ ಕಾರಣಕ್ಕೆ, ಕೇಳಿದ್ದು ಪ್ರಭಾವಕ್ಕೆ ತಕ್ಕಷ್ಟಿದೆಯೇ ಎಂಬ ಈ ಪರೀಕ್ಷೆಯಿಂದ ವಿನಾಯಿತಿ ಇಲ್ಲವೆಂದು 2024ರಲ್ಲಿ ತೀರ್ಪಾಯಿತು. ಅವು ನಮ್ಮನ್ನು ಕಟ್ಟಿಹಾಕುವ ತೀರ್ಪುಗಳಲ್ಲ. ಆದರೂ ಆ ಪರೀಕ್ಷೆಗೆ ನಿಲ್ಲುವಂತೆಯೇ ನನ್ನ ಕೋಷ್ಟಕವನ್ನು ಕಟ್ಟಿದ್ದೆ; ಗೇಟಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿದ ಮೇಲೆ ವಕೀಲರು ಕಂತಿನ ಮಾತಿಗೆ ಬಂದರು.

ನಡುವೆ ಕಲ್ಯಾಣ ಮಂಟಪಗಳಿಗೂ ಆಸನಕ್ಕಿಷ್ಟೆಂಬ ದರ ಹುಡುಕಿದೆ. ಒಂದು ಮದುವೆಗೆ ಜನ ಬಸ್ಸಿನಲ್ಲಿ ಬಂದರೆ ಇನ್ನೊಂದಕ್ಕೆ ಮನೆಗೊಂದು ಕಾರು ಬರುತ್ತದೆ. ಸರಾಸರಿಗೆ ಅರ್ಥವೇ ಇರಲಿಲ್ಲ. ಅವುಗಳನ್ನು ಪಟ್ಟಿಯಿಂದ ಬಿಟ್ಟು ಪಾರ್ಕಿಂಗ್ ಷರತ್ತಿಗೆ ಸೇರಿಸಿದ್ದೇನೆ. ಹೋಂ ಸ್ಟೇಗಳಿಗೆ ಮಾತ್ರ ಕೋಣೆಯ ದರವೇ ಸರಿಹೊಂದುತ್ತದೆ.

ಇದುವರೆಗೆ ಪ್ರತ್ಯೇಕ ಖಾತೆಗೆ ಸುಮಾರು 35 ಲಕ್ಷ ಬಂದಿದೆ, ತಿರುವಿನ ಕೆಲಸಕ್ಕೆ ಟೆಂಡರ್ ಆಗಿದೆ. ಎಸ್‌ಆರ್ (ಸರ್ಕಾರಿ ಕಾಮಗಾರಿಗಳ ದರಪಟ್ಟಿ) ದರ ಏರಿರುವುದರಿಂದ 30,000ವನ್ನು 33,000ಕ್ಕೆ ಪರಿಷ್ಕರಿಸುವ ಕಡತ ಮುಂದಿನ ಸಭೆಗೆ ಬರಲಿದೆ.