ಆ 20 ಮಿಲಿಸೆಕೆಂಡ್

ಕಾರು ನಿಂತಲ್ಲಿ ಎಲ್ಲವೂ ಸರಿ. ಸ್ಟ್ಯಾಂಡಿನ ಮೇಲೇರಿಸಿ ಎಷ್ಟು ಹೊತ್ತು ಚಕ್ರ ತಿರುಗಿಸಿದರೂ ತಕರಾರಿಲ್ಲ. ನೆಲಕ್ಕಿಳಿಸಿ ನಾಲ್ಕು ಸುತ್ತು ಓಡಿಸಿ, ತಿರುವಿಗೆ ಮುಂಚೆ ಜೋರಾಗಿ ಬ್ರೇಕ್ ಒತ್ತಿದರೆ ಮಾತ್ರ ಒಮ್ಮೊಮ್ಮೆ ಪೂರ್ತಿ ಕರೆಂಟ್ ಹೋಗಿ ಕಾರು ಉರುಳಿಕೊಂಡು ನಿಲ್ಲುತ್ತಿತ್ತು. ಮತ್ತೆ ಶುರು ಮಾಡಿದರೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು. ರೇಸ್ ಕಾರು ಕಟ್ಟುವ ನಮ್ಮ ವಿದ್ಯಾರ್ಥಿ ತಂಡದ ಎಲೆಕ್ಟ್ರಿಕಲ್ ವಿಭಾಗ ನನ್ನ ಜವಾಬ್ದಾರಿಯಲ್ಲಿದ್ದ ವರ್ಷ ಅದು. ಮೂರು ವಾರ ಇದರ ಹಿಂದೆಯೇ ಬಿದ್ದಿದ್ದೆ.

ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ, 1981ರಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ ಸ್ಪರ್ಧೆ ಮೊದಲು ಪೆಟ್ರೋಲ್ ಎಂಜಿನ್ ಕಾರುಗಳದ್ದಾಗಿತ್ತು. ಈಗ ಎಲೆಕ್ಟ್ರಿಕ್ ಕಾರುಗಳಿಗೆ ಬೇರೆಯೇ ವಿಭಾಗವಿದೆ, ನಮ್ಮದು ಅದರ ಕಾರು. ಬ್ಯಾಟರಿಯಿಂದ ಗರಿಷ್ಠ 80 ಕಿಲೋವ್ಯಾಟ್ ಮಾತ್ರ ಎಳೆಯಬಹುದು. ತಂಡಕ್ಕೆ ಸೇರುವಾಗ ಎಲ್ಲರ ಕಣ್ಣೂ ಬ್ಯಾಟರಿ ಮತ್ತು ಮೋಟರಿನ ಮೇಲೆ. ನಾನೂ ಹಾಗೇ ಬಂದವನು. ಆದರೆ ಕಾರು ಓಡುವುದೋ ನಿಲ್ಲುವುದೋ ಎಂಬುದನ್ನು ನಿರ್ಧರಿಸುವುದು ಬೆರಳಿಗಿಂತ ತೆಳ್ಳಗಿನ ಇನ್ನೊಂದು ತಂತಿ: ಶಟ್‌ಡೌನ್ ಸರ್ಕ್ಯೂಟ್.

ಬ್ಯಾಟರಿ ಪೆಟ್ಟಿಗೆಯೊಳಗೆ ಎರಡು ದೊಡ್ಡ ರಿಲೇಗಳು, ಅಂದರೆ ಕರೆಂಟಿನಿಂದಲೇ ಮುಚ್ಚಿ ತೆರೆಯುವ ಸ್ವಿಚ್‌ಗಳು, ಇರುತ್ತವೆ. ಅವು ಮುಚ್ಚಿದರೆ ಮಾತ್ರ ಹೈ ವೋಲ್ಟೇಜ್ ಹೊರಗೆ ಬರುತ್ತದೆ. ಅವನ್ನು ಮುಚ್ಚಿ ಹಿಡಿಯುವ ಕಾಯಿಲ್‌ಗೆ ಹೋಗುವ 12 ವೋಲ್ಟಿನ ತಂತಿ ಇಡೀ ಕಾರನ್ನು ಸುತ್ತಿ ಬರುತ್ತದೆ. ಚಾಲಕನ ಮುಂದಿನ ಕೆಂಪು ಗುಂಡಿ, ಪಕ್ಕದ ಎರಡು ಗುಂಡಿಗಳು, ಡಿಕ್ಕಿಯಾದರೆ ತೆರೆದುಕೊಳ್ಳುವ ಇನರ್ಷಿಯಾ ಸ್ವಿಚ್, ಬ್ರೇಕ್ ಪೆಡಲ್ ಮಿತಿ ಮೀರಿ ಕೆಳಗಿಳಿದರೆ ತೆರೆಯುವ ಸ್ವಿಚ್, ಬ್ಯಾಟರಿಯ ಸೆಲ್‌ಗಳನ್ನು ಕಾಯುವ ಬೋರ್ಡ್, ಇನ್ಸುಲೇಷನ್ ಕಾಯುವ ಬೋರ್ಡ್ ಎಲ್ಲವೂ ಇದೇ ತಂತಿಯಲ್ಲಿ ಒಂದರ ಹಿಂದೆ ಒಂದು. ಯಾವುದೊಂದು ತೆರೆದರೂ ರಿಲೇ ಬೀಳುತ್ತದೆ, ಅಂದರೆ ತೆರೆದುಕೊಂಡು ಹೈ ವೋಲ್ಟೇಜ್ ನಿಲ್ಲುತ್ತದೆ. ಹಾಗೆ ಬೀಳಲೇಬೇಕು, ಅದರಲ್ಲಿ ಒಬ್ಬರ ಜೀವವಿದೆ.

ನಮ್ಮ ಮೊದಲ ಅನುಮಾನ ಬ್ರೇಕ್ ಪೆಡಲಿನ ಸ್ವಿಚ್ ಮೇಲೆ. ಜೋರಾಗಿ ಒತ್ತಿದಾಗ ಪೆಡಲ್ ತಾಗುತ್ತಿರಬೇಕೆಂದು ಅದನ್ನು ಸ್ವಲ್ಪ ಹಿಂದೆ ಸರಿಸಿದೆವು. ಪ್ರಯೋಜನವಾಗಲಿಲ್ಲ. ಮರುದಿನ ಇನರ್ಷಿಯಾ ಸ್ವಿಚ್ ಬದಲಿಸಿದೆವು. ಅದೂ ಅಲ್ಲ. ಹೀಗೆ ಒಂದೊಂದೇ ಭಾಗ ಬದಲಿಸುತ್ತಾ ಹೋದದ್ದು ನಮ್ಮ ದೊಡ್ಡ ತಪ್ಪು. ಒಂದು ಸಂಜೆ ಬೋರ್ಡಿನ ಮೇಲೆ ಸರ್ಕ್ಯೂಟ್ ಬರೆದು ಕೂತಾಗ ತಂಡದ ಕಿರಿಯಳೊಬ್ಬಳು ಕೇಳಿದಳು: "ಅಣ್ಣಾ, ಈ ಸ್ವಿಚ್‌ಗಳಲ್ಲಿ ಒಂದು ಸಲ ತೆರೆದು ತಾನಾಗಿಯೇ ಮುಚ್ಚಿಕೊಳ್ಳೋದು ಯಾವುದು?"

ಯಾವುದೂ ಇಲ್ಲ. ಗುಂಡಿ ಒತ್ತಿದರೆ ಕೈಯಿಂದಲೇ ಬಿಡಿಸಬೇಕು. ಇನರ್ಷಿಯಾ ಸ್ವಿಚ್ಚನ್ನು ಕೈಯಿಂದಲೇ ಮತ್ತೆ ಕೂರಿಸಬೇಕು. ಪೆಡಲಿನ ಸ್ವಿಚ್ ಬಿದ್ದರೆ ಬಿದ್ದೇ ಇರುತ್ತದೆ. ಬೋರ್ಡ್‌ಗಳು ದೋಷ ಕಂಡರೆ ರಿಸೆಟ್ ಮಾಡುವವರೆಗೆ ದೀಪ ಆರಿಸುವುದಿಲ್ಲ. ನಮ್ಮ ಕಾರು ಏನನ್ನೂ ಮುಟ್ಟದೆ ಮತ್ತೆ ಶುರುವಾಗುತ್ತಿತ್ತು. ಅಂದಮೇಲೆ ದೋಷ ಸ್ವಿಚ್‌ಗಳಲ್ಲಿಲ್ಲ, ಅವುಗಳ ನಡುವಿನ ತಂತಿಯಲ್ಲಿದೆ. ಆ ಪ್ರಶ್ನೆ ಮೊದಲ ದಿನವೇ ನನ್ನ ತಲೆಗೆ ಬರಬೇಕಿತ್ತು.

ಆಮೇಲಿನ ದಾರಿ ಸ್ಪಷ್ಟವಾಯಿತು. ಪ್ರತಿ ಸ್ವಿಚ್ಚಿನ ನಂತರ ಒಂದು ಕವಲು ತಂತಿ ತೆಗೆದು, ಬುಡದಲ್ಲೇ ಕರೆಂಟನ್ನು ತಡೆಯುವ 10 ಕಿಲೋ ಓಮ್ ರೆಸಿಸ್ಟರ್ ಹಾಕಿ, ಒಂದು ಮೈಕ್ರೋಕಂಟ್ರೋಲರ್‌ಗೆ, ಅಂದರೆ ಪುಟ್ಟ ಕಂಪ್ಯೂಟರ್ ಚಿಪ್ಪಿಗೆ, ಕೊಟ್ಟೆವು. ರೆಸಿಸ್ಟರ್ ಬುಡದಲ್ಲೇ ಇರಬೇಕೆಂಬುದು ಮುಖ್ಯ. ಇಲ್ಲವಾದರೆ ಕವಲು ತಂತಿಗಳು ಎಲ್ಲೋ ಒಂದಕ್ಕೊಂದು ತಾಗಿ, ತೆರೆದ ಸ್ವಿಚ್ಚನ್ನು ಬಳಸಿಕೊಂಡು ರಿಲೇಗೆ ಕರೆಂಟ್ ಹೋಗುವ ಕಳ್ಳದಾರಿಯಾಗಿಬಿಡುತ್ತದೆ. ದೋಷ ಹುಡುಕಲು ಹಾಕಿದ್ದೇ ಸುರಕ್ಷತೆಯನ್ನು ಮುರಿದಂತಾಗುತ್ತದೆ. ಮಿಲಿಸೆಕೆಂಡಿಗೊಮ್ಮೆ ಎಲ್ಲ ಕವಲುಗಳನ್ನೂ ಓದಿ ಮೆಮೊರಿ ಕಾರ್ಡಿಗೆ ಬರೆಸಿದೆವು.

ಮೂರನೇ ಸುತ್ತಿನಲ್ಲೇ ಸಿಕ್ಕಿಬಿತ್ತು. ಇನರ್ಷಿಯಾ ಸ್ವಿಚ್ ದಾಟಿದ ಮೇಲೆ 12 ವೋಲ್ಟ್ ಇದೆ. ಪೆಡಲ್ ಸ್ವಿಚ್ ದಾಟಿದ ಮೇಲೆ ಸೊನ್ನೆ. 20 ಮಿಲಿಸೆಕೆಂಡ್ ಸೊನ್ನೆ, ಮತ್ತೆ 12. ರಿಲೇ ಬೀಳಲು ಅಷ್ಟು ಸಾಕು.

ಪೆಡಲಿನ ಬಳಿಯ ಕನೆಕ್ಟರ್ ಬಿಚ್ಚಿ ಒಂದೊಂದೇ ತಂತಿ ಜಗ್ಗಿದೆ. ಎರಡನೆಯದು ಪಿನ್ ಸಮೇತ ಕೈಗೆ ಬಂತು. ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲ ಸ್ಪಷ್ಟ. ತಂತಿಯ ತುದಿಗೆ ಒತ್ತಿ ಕೂರಿಸುವ ಕ್ರಿಂಪ್ ಪಿನ್ನಿಗೆ ಎರಡು ಜೋಡಿ ರೆಕ್ಕೆಗಳಿರುತ್ತವೆ. ಮುಂದಿನದು ತಾಮ್ರದ ಎಳೆಗಳನ್ನು ಹಿಡಿಯಬೇಕು, ಹಿಂದಿನದು ಮೇಲಿನ ಹೊದಿಕೆಯನ್ನು. ಇಲ್ಲಿ ಹೊದಿಕೆಯನ್ನು ಸಾಕಷ್ಟು ಸುಲಿದಿರಲಿಲ್ಲ. ಮುಂದಿನ ರೆಕ್ಕೆಯ ಅರ್ಧ ಭಾಗ ಪ್ಲಾಸ್ಟಿಕ್ಕನ್ನೇ ಕಚ್ಚಿ ಹಿಡಿದಿತ್ತು, ಮೂರ್ನಾಲ್ಕು ಎಳೆ ಮಾತ್ರ ಲೋಹಕ್ಕೆ ತಾಗಿದ್ದವು. ಸಾಲದ್ದಕ್ಕೆ ಪಿನ್ನನ್ನು ಕನೆಕ್ಟರಿನೊಳಗೆ ತಡೆಯುವ ನಾಲಿಗೆ ಟಕ್ ಎಂದು ಕೂತಿರಲೇ ಇಲ್ಲ. ತಂತಿ ಕೂಡಿದೆಯೇ ಎಂದು ಮಲ್ಟಿಮೀಟರ್ ಹಿಡಿದರೆ ಬೀಪ್ ಬರುತ್ತಿತ್ತು. ಮೂರು ಎಳೆಗೂ ಬೀಪ್ ಬರುತ್ತದೆ, ಮೂವತ್ತಕ್ಕೂ ಬರುತ್ತದೆ. ಬ್ರೇಕ್ ಹಾಕಿದಾಗ ಪೆಡಲಿನ ಚೌಕಟ್ಟು ಕೂದಲೆಳೆಯಷ್ಟು ಬಾಗಿ ಆ ತಂತಿಯನ್ನು ಎಳೆಯುತ್ತಿತ್ತು.

ಅಂದಿನಿಂದ ಹಾರ್ನೆಸ್ಸನ್ನು, ಅಂದರೆ ಕಾರಿನ ತಂತಿಗಳ ಕಟ್ಟನ್ನು, ಕೊನೆಯ ವಾರ ಯಾರೋ ಕೂತು ಸುತ್ತುವ ಕೆಲಸವೆಂದು ನೋಡುವುದನ್ನು ಬಿಟ್ಟೆವು. ಪ್ರತಿ ತಂತಿಗೂ ಒಂದು ಸಂಖ್ಯೆ, ಅದರ ದಪ್ಪ, ಎಲ್ಲಿಂದ ಎಲ್ಲಿಗೆ, ಯಾವ ಪಿನ್, ಕ್ರಿಂಪ್ ಮಾಡಿದವರು ಯಾರು, ಜಗ್ಗಿ ನೋಡಿದವರು ಯಾರು ಎಂದು ಒಂದೇ ಕೋಷ್ಟಕದಲ್ಲಿ ಬರೆದಿಟ್ಟೆವು. ಕ್ರಿಂಪ್ ಮಾಡಿದವರೇ ಪರೀಕ್ಷಿಸುವಂತಿಲ್ಲ. ಕನೆಕ್ಟರಿನ ಹಿಂದೆ ಎರಡು ಬೆರಳು ಉದ್ದದ ಸಡಿಲ ಬಿಟ್ಟು, ಆಮೇಲೆ ಚೌಕಟ್ಟಿಗೆ ಕಟ್ಟಬೇಕು.

ಇದೇ ಶಿಸ್ತು ಉಳಿದೆಡೆಯೂ ಫಲ ಕೊಟ್ಟಿತು. ಬೋರ್ಡ್‌ಗಳು ಮಾತಾಡಿಕೊಳ್ಳುವ ಕ್ಯಾನ್ (CAN) ಎಂಬ ಎರಡು ತಂತಿಗಳ ಲೈನಿನಲ್ಲಿ ಆಗಾಗ ಸಂದೇಶ ಕೆಡುತ್ತಿತ್ತು. ಎರಡು ತುದಿಗಳಲ್ಲಿ ಒಂದೊಂದು 120 ಓಮ್ ರೆಸಿಸ್ಟರ್ ಇದ್ದರೆ, ಪವರ್ ಆಫ್ ಮಾಡಿ ಎರಡು ತಂತಿಗಳ ನಡುವೆ ಅಳೆದಾಗ 60 ಬರಬೇಕು. ನಮಗೆ 40 ಬಂತು. ಕೋಷ್ಟಕ ಹಿಡಿದು ಹುಡುಕಿದರೆ, ಕೊಂಡು ತಂದ ಒಂದು ಬೋರ್ಡಿನೊಳಗೆ ಮೂರನೇ 120 ಓಮ್ ಕೂತಿತ್ತು. ಹತ್ತು ನಿಮಿಷದ ಕೆಲಸ.

ಆಕ್ಸಿಲರೇಟರ್ ಪೆಡಲಿನದ್ದು ಇನ್ನೊಂದು ಬಗೆ. ಅದಕ್ಕೆ ಎರಡು ಸೆನ್ಸರ್ ಇರಲೇಬೇಕು. ಎರಡರ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ 100 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದರೆ ಮೋಟರಿಗೆ ಶಕ್ತಿ ನಿಲ್ಲಬೇಕು. ನಾವು ಎರಡಕ್ಕೂ ಬೇರೆ ಬೇರೆ ವೋಲ್ಟೇಜ್ ವ್ಯಾಪ್ತಿ ಇಟ್ಟೆವು. ಎರಡೂ ಒಂದೇ ರೀತಿ ಏರುವಂತಿದ್ದು ಸಿಗ್ನಲ್ ತಂತಿಗಳು ಒಂದಕ್ಕೊಂದು ತಾಗಿದರೆ, ಎರಡೂ ಒಂದೇ ಸುಳ್ಳು ಹೇಳುತ್ತವೆ, ಕಂಟ್ರೋಲರ್ ನಂಬಿಬಿಡುತ್ತದೆ.

ಸ್ಪರ್ಧೆಯಲ್ಲಿ ನನಗೆ ಭಯವಿದ್ದದ್ದು ಸುಮಾರು 22 ಕಿಲೋಮೀಟರಿನ ಎಂಡ್ಯೂರೆನ್ಸ್ ಓಟದ ಮಧ್ಯದಲ್ಲಿ. ಅಲ್ಲಿ ಕಾರು ನಿಲ್ಲಿಸಿ ಚಾಲಕ ಬದಲಾಗಬೇಕು, ಬಿಸಿಯಾದ ಕಾರನ್ನು ಮತ್ತೆ ಶುರು ಮಾಡಬೇಕು. ಎರಡನೇ ಚಾಲಕ ಕೂತ, ಗುಂಡಿ ಒತ್ತಿದ, ಕಾರು ಹೊರಡಲು ಸಿದ್ಧವೆಂದು ಹೇಳುವ ಸದ್ದು ಬಂತು. ಓಟ ಮುಗಿದ ಮೇಲೆ ಮೆಮೊರಿ ಕಾರ್ಡ್ ತೆಗೆದು ನೋಡಿದೆವು. ಆ ಚಾಲಕ ಬದಲಾವಣೆ ಬಿಟ್ಟರೆ ಒಂದು ಕವಲಿನಲ್ಲೂ ಸೊನ್ನೆ ಇರಲಿಲ್ಲ.

ಮುಂದಿನ ಕಾರಿನಲ್ಲಿ ಪೆಡಲ್ ಕನೆಕ್ಟರನ್ನು ಕೈ ಸಲೀಸಾಗಿ ಹೋಗುವ ಜಾಗಕ್ಕೆ ತಂದಿದ್ದೇವೆ. ಕವಲು ತಂತಿಗಳು ಮೊದಲ ನಕ್ಷೆಯಲ್ಲೇ ಇವೆ; ಅವನ್ನು ಬರೆದದ್ದು ಆ ಪ್ರಶ್ನೆ ಕೇಳಿದ ಕಿರಿಯಳೇ.