ಹಳೆಯ ಅನಲಾಗ್ ಮಿಕ್ಸಿಂಗ್ ಕನ್ಸೋಲ್: ಬಿಚ್ಚುವ ಮೊದಲು ಕೇಳಿ

ಹಲವು ದಶಕ ದುಡಿದ ಅನಲಾಗ್ ಕನ್ಸೋಲ್ (ಹಲವು ಮೈಕ್, ವಾದ್ಯಗಳ ಸದ್ದನ್ನು ಬೆರೆಸುವ ಯಂತ್ರ) ಕೈಗೆ ಬಂದಾಗ ಸ್ಕ್ರೂಡ್ರೈವರ್ ಹಿಡಿಯುವುದಕ್ಕಿಂತ ಮೊದಲು ಒಂದು ನೋಟ್‌ಬುಕ್ ಹಿಡಿಯುವುದು ಒಳ್ಳೆಯದು. ಬಹುಕಾಲ ಬಳಸದೆ ಇದ್ದ ಯಂತ್ರವಾದರೆ ಅದರ ಪವರ್ ಸಪ್ಲೈಯನ್ನು ತಂತ್ರಜ್ಞರಿಂದ ಪರೀಕ್ಷಿಸದೆ ಆನ್ ಮಾಡಬಾರದು. ಪ್ಲಗ್ ಕಿತ್ತ ಮೇಲೂ ಅದರ, ವಿದ್ಯುತ್ ಹಿಡಿದಿಡುವ ದೊಡ್ಡ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಸ್ಪೀಕರ್‌ಗಳ ಆಂಪ್ಲಿಫೈಯರ್ ಎಲ್ಲಕ್ಕಿಂತ ಕೊನೆಗೆ ಆನ್ ಆಗಬೇಕು, ಎಲ್ಲಕ್ಕಿಂತ ಮೊದಲು ಆಫ್ ಆಗಬೇಕು. ಕನ್ಸೋಲ್ ಅರ್ಧ ಗಂಟೆ ಬಿಸಿಯಾದ ಬಳಿಕ 1 ಕಿಲೋಹರ್ಟ್ಸ್‌ನ ಟೋನ್ ಅನ್ನು ಒಂದೇ ಮಟ್ಟದಲ್ಲಿ ಪ್ರತಿ ಚಾನೆಲ್‌ಗೂ (ಒಂದೊಂದು ಸದ್ದು ಸಾಗುವ ದಾರಿ) ಕೊಟ್ಟು, ಫೇಡರ್ (ಸದ್ದಿನ ಮಟ್ಟ ಏರಿಳಿಸುವ ಜಾರುಗುಂಡಿ) ಸೊನ್ನೆಯ ಗುರುತಿನಲ್ಲಿರುವಾಗ ಮೀಟರ್ ಎಲ್ಲಿ ನಿಲ್ಲುತ್ತದೆಂದು ಬರೆದುಕೊಳ್ಳಿ. ವೃತ್ತಿಪರ ಕನ್ಸೋಲ್‌ಗಳಲ್ಲಿ ಸದ್ದಿನ ಮಟ್ಟ ತೋರಿಸುವ ವಿಯು ಮೀಟರಿನ ಸೊನ್ನೆ ಸಾಮಾನ್ಯವಾಗಿ +4 ಡಿಬಿಯು (ಸಿಗ್ನಲ್ ಮಟ್ಟದ ಅಳತೆ), ಅಂದರೆ ಸುಮಾರು 1.23 ವೋಲ್ಟ್. ಧ್ವನಿಮುದ್ರಣದಲ್ಲಿಯೂ ಫೇಡರ್ ಸೊನ್ನೆಯ ಆಸುಪಾಸಿನಲ್ಲಿರುವಂತೆ ಗೇನ್ (ಒಳಬರುವ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂಬುದು) ಹೊಂದಿಸಿ. ಗೇನ್ ಕಡಿಮೆಯಿಟ್ಟು ಮುಂದೆ ಫೇಡರಿನಲ್ಲಿ ಏರಿಸಿದರೆ ಹಿಸ್ ಸದ್ದೂ ಜೊತೆಗೇ ಏರುತ್ತದೆ.

ಒಂದು ಚಾನೆಲ್‌ನ ಸದ್ದು ಕ್ಷೀಣವಾದರೆ ಅಥವಾ ಬಂದು ಹೋಗಿ ಮಾಡಿದರೆ ಮೊದಲ ಅನುಮಾನ ಇನ್ಸರ್ಟ್ ಜಾಕ್‌ನ (ಹೊರಗಿನ ಉಪಕರಣವನ್ನು ಚಾನೆಲ್‌ನ ನಡುವೆ ಸೇರಿಸುವ ಸಾಕೆಟ್) ಮೇಲಿರಲಿ. ಬಳಸದೆ ಬಿಟ್ಟ ಜಾಕ್‌ನೊಳಗಿನ ಸ್ವಿಚ್ಚಿಗೆ ಕಿಲುಬು ಹಿಡಿದು ಸಿಗ್ನಲ್ ಅಲ್ಲಿಯೇ ತಡೆಯುತ್ತದೆ. ಪ್ಲಗ್ ಒಂದನ್ನು ಹತ್ತು ಬಾರಿ ಹಾಕಿ ತೆಗೆದಾಗ ಸದ್ದು ಮರಳಿದರೆ ರೋಗ ಸಿಕ್ಕಿತೆಂದೇ ಅರ್ಥ. ಆ ಜಾಕ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಸಾಕು.

ಫೇಡರಿನ ಕರಕರ ಸದ್ದಿನ ವಿಷಯದಲ್ಲಿ ಅವಸರ ಸಲ್ಲದು. ವಿದ್ಯುತ್ ಆಫ್ ಮಾಡಿ, ಫೇಡರ್‌ಗಳಿಗೆಂದೇ ತಯಾರಾದ ಕ್ಲೀನರನ್ನು ಸ್ವಲ್ಪವೇ ಹಾಕಿ ಮೇಲೆ ಕೆಳಗೆ ಸರಿಸಿ; ಕಟುವಾದ ದ್ರಾವಕ ಧೂಳಿನೊಡನೆ ಗ್ರೀಸನ್ನೂ ತೊಳೆದುಬಿಡುತ್ತದೆ, ಆಮೇಲೆ ಫೇಡರ್ ಬೆರಳಿಗೆ ಒರಟಾಗುತ್ತದೆ. ಶುಚಿ ಮಾಡಿದ ಕೆಲವೇ ದಿನಗಳಲ್ಲಿ ಕರಕರ ಮರಳಿದರೆ ಕಾರಣ ಧೂಳಲ್ಲದಿರಬಹುದು: ಡಿಸಿಯನ್ನು ತಡೆದು ಸದ್ದಿನ ಸಿಗ್ನಲ್ಲನ್ನಷ್ಟೇ ಬಿಡಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರಿ, ಅದರ ಮೂಲಕ ಡಿಸಿ (ಒಂದೇ ದಿಕ್ಕಿನ) ವೋಲ್ಟೇಜ್ ಫೇಡರಿಗೆ ತಲುಪಿದರೂ ಇದೇ ಸದ್ದು ಬರುತ್ತದೆ. ಮಲ್ಟಿಮೀಟರ್ ಹಿಡಿದರೆ ಇದು ಗೊತ್ತಾಗುತ್ತದೆ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಬಿಸಿಗೆ ಒಣಗುತ್ತವೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಕನ್ಸೋಲಿನ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಕೆಪಾಸಿಟರ್ ಬದಲಾಯಿಸಲೇಬೇಕಾದಾಗ ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ಬಿಚ್ಚದೆ ಒಂದನ್ನೇ ಮುಗಿಸಿ, ಅದೇ ಟೋನ್ ಕೊಟ್ಟು, ಪಕ್ಕದ ಚಾನೆಲ್‌ನೊಂದಿಗೂ ನೋಟ್‌ಬುಕ್ಕಿನ ಹಳೆಯ ಅಂಕಿಯೊಂದಿಗೂ ಹೋಲಿಸಿದ ನಂತರವೇ ಮುಂದಿನದಕ್ಕೆ ಕೈಹಾಕಿ.